ಆರ್ಕೇಡ್ ಜಾಯ್‌ಸ್ಟಿಕ್: ಯಾವ ಆಟಕ್ಕೆ ಯಾವ ಗೇಟ್, ಯಾವ ಸ್ವಿಚ್?

ಹಳೆಯ ಆರ್ಕೇಡ್ ಆಟಗಳಿಗಾಗಿ ನಿಯಂತ್ರಣ ಫಲಕವನ್ನು ಮಾರ್ಪಡಿಸಲು ಹೊರಟವರು ಸಾಮಾನ್ಯವಾಗಿ ಮೊದಲು ಬಟನ್‌ಗಳನ್ನು ಬದಲಿಸುತ್ತಾರೆ, ಆಮೇಲೆ ಸ್ಪ್ರಿಂಗ್‌ಗೆ ಕೈಹಾಕುತ್ತಾರೆ. ಜಾಯ್‌ಸ್ಟಿಕ್‌ನ ತಳದಲ್ಲಿದ್ದು, ಹಿಡಿಕೆ ಯಾವ ದಿಕ್ಕಿಗೆ ಎಷ್ಟು ವಾಲಬಹುದೆಂಬುದನ್ನು ನಿರ್ಧರಿಸುವ ಗೇಟ್ ಎಂಬ ಚಿಕ್ಕ ಪ್ಲಾಸ್ಟಿಕ್ ತುಣುಕಿನ ಸರದಿ ಕೊನೆಗೆ ಬರುತ್ತದೆ. ಒಂದೇ ಫಲಕಕ್ಕೆ ಬೇರೆ ಬೇರೆ ಬಿಡಿಭಾಗಗಳನ್ನು ಜೋಡಿಸಿ, ಅವೇ ಆಟಗಳನ್ನು ಮತ್ತೆ ಮತ್ತೆ ಆಡಿ ನೋಡಿದ ನನಗೆ ಈ ಕ್ರಮ ತಲೆಕೆಳಗಾಗಿದೆ ಎನ್ನಿಸಿದೆ. ಅತ್ಯಂತ ಅಗ್ಗದ ಬದಲಾವಣೆಯಾದ ಗೇಟ್ ಆಟದ ಮೇಲೆ ಬೀರುವಷ್ಟು ಪರಿಣಾಮವನ್ನು ಬೇರೆ ಯಾವ ಬಿಡಿಭಾಗವೂ ಬೀರಲಿಲ್ಲ.

1980ರ ಪ್ಯಾಕ್-ಮ್ಯಾನ್ ಮತ್ತು 1981ರ ಡಾಂಕಿ ಕಾಂಗ್ ಎರಡೂ ನಾಲ್ಕು ದಿಕ್ಕಿನ ಜಾಯ್‌ಸ್ಟಿಕ್‌ಗಾಗಿಯೇ ರಚಿತವಾದ ಆಟಗಳು. ಎಂಟು ದಿಕ್ಕಿನ ಜಾಯ್‌ಸ್ಟಿಕ್‌ನಲ್ಲಿ ಹಿಡಿಕೆ ಸ್ವಲ್ಪ ಓರೆಯಾದರೂ ಅಕ್ಕಪಕ್ಕದ ಎರಡು ಸ್ವಿಚ್‌ಗಳು ಒಟ್ಟಿಗೆ ಒತ್ತಿಕೊಳ್ಳುತ್ತವೆ. ಆಗ ಆಟ ಆ ಎರಡರಲ್ಲಿ ಯಾವುದನ್ನು ಸ್ವೀಕರಿಸುತ್ತದೆ ಎಂಬುದು ನಮ್ಮ ಕೈಯಲ್ಲಿರುವುದಿಲ್ಲ. ಪ್ಯಾಕ್-ಮ್ಯಾನ್‌ನಲ್ಲಿ ತಿರುವು ತಲುಪುವ ಮೊದಲೇ ಹಿಡಿಕೆಯನ್ನು ತಿರುಗಿಸಿಟ್ಟರೆ ಮೂಲೆಯನ್ನು ತುಸು ಕತ್ತರಿಸಿಕೊಂಡು ಸಾಗಬಹುದು. ದೆವ್ವಗಳಿಗೆ ಆ ಅನುಕೂಲವಿಲ್ಲದ ಕಾರಣ ಪ್ರತಿ ತಿರುವಿನಲ್ಲೂ ಅವುಗಳಿಂದ ಒಂದಿಷ್ಟು ದೂರ ಗಳಿಸಿಕೊಳ್ಳಲು ಸಾಧ್ಯವಾಗುತ್ತದೆ. ಎಂಟು ದಿಕ್ಕಿನ ಚೌಕ ಗೇಟ್‌ನಲ್ಲಿ ಈ ತಂತ್ರ ನನಗೆ ಕೆಲವೊಮ್ಮೆ ಮಾತ್ರ ಕೈಗೂಡುತ್ತಿತ್ತು. ಅದೇ ಗೇಟನ್ನು 45 ಡಿಗ್ರಿ ತಿರುಗಿಸಿ ವಜ್ರಾಕೃತಿಗೆ ತಂದರೆ ಅದರ ಮೂಲೆಗಳು ನಾಲ್ಕು ನೇರ ದಿಕ್ಕುಗಳಿಗೆ ಬಂದು ಓರೆ ದಿಕ್ಕುಗಳು ಮುಚ್ಚಿಹೋಗುತ್ತವೆ; ಹಾಗೆ ಮಾಡಿದ ಮೇಲೆ ಈ ತಂತ್ರ ಅಭ್ಯಾಸದ ಮಾತಾಯಿತು. ಸಾನ್ವಾ ಜೆಎಲ್ಎಫ್ ಜಾಯ್‌ಸ್ಟಿಕ್‌ನ ಜೊತೆಗೇ ಬರುವ ಚೌಕ ಗೇಟನ್ನು ಹೀಗೆ ತಿರುಗಿಸಬಹುದಾದ್ದರಿಂದ ಪ್ರತ್ಯೇಕ ನಾಲ್ಕು ದಿಕ್ಕಿನ ಜಾಯ್‌ಸ್ಟಿಕ್ ಕೊಳ್ಳುವ ಅಗತ್ಯವೂ ಇಲ್ಲ.

1991ರ ಹೋರಾಟದ ಆಟ ಸ್ಟ್ರೀಟ್ ಫೈಟರ್ 2ರಲ್ಲಿ ಸ್ಪರ್ಧೆ ಇರುವುದು ಚೌಕ ಗೇಟ್ ಮತ್ತು ಅಷ್ಟಭುಜ ಗೇಟ್‌ಗಳ ನಡುವೆ. ಅಷ್ಟಭುಜದಲ್ಲಿ ಎಂಟೂ ದಿಕ್ಕಿಗೆ ಒಂದೊಂದು ಸಣ್ಣ ತಗ್ಗು ಸಿಗುವುದರಿಂದ, ಹೊಸದಾಗಿ ಕಲಿಯುವವರಿಗೆ ವಿಶೇಷ ಹೊಡೆತಕ್ಕಾಗಿ ಹಿಡಿಕೆಯನ್ನು ಕೆಳಗಿನಿಂದ ಮುಂದಕ್ಕೆ ಕಾಲುವೃತ್ತ ಎಳೆಯುವಾಗ ತಾವು ಎಲ್ಲಿದ್ದೇವೆಂಬುದು ಬೆರಳಿಗೇ ತಿಳಿಯುತ್ತದೆ. ಆದರೆ ವಿಶೇಷ ಹೊಡೆತಕ್ಕೆ ಶಕ್ತಿ ಕೂಡಿಸಿಕೊಳ್ಳಲು ಹಿಂದಕ್ಕೂ ಕೆಳಕ್ಕೂ ಏಕಕಾಲದಲ್ಲಿ ಒತ್ತಿ ಹಿಡಿದು ಕಾಯಬೇಕಾದ ಪಾತ್ರಗಳನ್ನು ಆಡಿಸುವಾಗ ಚೌಕದ ಮೂಲೆಯಷ್ಟು ಭದ್ರವಾದ ತಂಗುದಾಣ ಅಷ್ಟಭುಜದಲ್ಲಿಲ್ಲ. ಅದರ ತಗ್ಗಿನಿಂದ ಹಿಡಿಕೆ ಪಕ್ಕಕ್ಕೆ ಜಾರಿದರೆ ಕಾದು ಕೂಡಿಸಿಕೊಂಡದ್ದೆಲ್ಲ ಕೈತಪ್ಪಿಹೋಗುತ್ತದೆ. ಗೇಟ್‌ನ ಅಂಚಿಗೆ ಹಿಡಿಕೆಯನ್ನು ಉಜ್ಜಿಕೊಂಡೇ ಆಡುವುದು ಕೆಟ್ಟ ಅಭ್ಯಾಸವೆಂದು ಹೇಳುವವರಿದ್ದಾರೆ. ಅವರ ವಾದದಲ್ಲಿ ಹುರುಳಿದ್ದರೂ ನಾನು ಚೌಕದ ಪರ. ವೃತ್ತಾಕಾರದ ಗೇಟನ್ನೂ ಹಾಕಿ ನೋಡಿದೆ. ಹಿಡಿಕೆ ನುಣುಪಾಗಿ ಸುತ್ತುತ್ತದೆ ಎಂಬುದನ್ನು ಬಿಟ್ಟರೆ ಅದರ ಬಗ್ಗೆ ಹೇಳಲು ಹೆಚ್ಚೇನಿಲ್ಲ.

ಇಲ್ಲಿ ಮಾರಾಟಗಾರರು ಸಾಮಾನ್ಯವಾಗಿ ಹೇಳದ ಒಂದು ವಿಷಯವಿದೆ. ಹಿಡಿಕೆಯ ಕೆಳತುದಿಯಲ್ಲಿದ್ದು ಸ್ವಿಚ್‌ಗಳನ್ನು ಒತ್ತುವ ಆಕ್ಚುಯೇಟರನ್ನು ದಪ್ಪದ್ದಕ್ಕೆ ಬದಲಿಸಿದರೆ ಸ್ವಿಚ್ ಬೇಗ ತಾಗುತ್ತದೆ, ಹೋರಾಟದ ಆಟಗಳಲ್ಲಿ ಇದು ಹಿತಕರ. ಆದರೆ ವಜ್ರಾಕೃತಿಯ ಗೇಟ್‌ನ ಒಂದು ಅಂಚಿನ ನಡುಬಿಂದುವಿನಲ್ಲಿ ಹಿಡಿಕೆ ಅಕ್ಕಪಕ್ಕದ ಎರಡೂ ದಿಕ್ಕುಗಳಿಗೆ ತನ್ನ ಪೂರ್ಣ ಚಲನೆಯ ಅರ್ಧದಷ್ಟು ವಾಲಿರುತ್ತದೆ. ಸ್ವಿಚ್ ಅಷ್ಟರೊಳಗೇ ತಾಗುವಂತಾದರೆ ನಾಲ್ಕು ದಿಕ್ಕಿನ ಗೇಟ್‌ನಲ್ಲೂ ಓರೆ ದಿಕ್ಕು ಮತ್ತೆ ತಲೆಹಾಕುತ್ತದೆ. ಹಾಗಾಗಿ ಈ ಎರಡು ಮಾರ್ಪಾಡುಗಳು ಒಂದೇ ಜಾಯ್‌ಸ್ಟಿಕ್‌ನಲ್ಲಿ ಹೊಂದಿಕೊಳ್ಳುವುದಿಲ್ಲ. ಗಟ್ಟಿ ಸ್ಪ್ರಿಂಗ್ ಹಿಡಿಕೆಯನ್ನು ನಡುವಿಗೆ ಬೇಗ ಮರಳಿಸುತ್ತದೆ, ಮಣಿಕಟ್ಟನ್ನೂ ಬೇಗ ದಣಿಸುತ್ತದೆ. ಅದರ ಮಾತು ಇಷ್ಟಕ್ಕೇ ಸಾಕು.

1982ರ ಕ್ಯೂಬರ್ಟ್‌ಗೆ ಗೇಟ್ ಒಂದೇ ಸಾಲದು. ಆ ಆಟದಲ್ಲಿ ಚಲನೆಯೆಲ್ಲ ಓರೆಯಾಗಿಯೇ ನಡೆಯುವುದರಿಂದ ಮೂಲ ಯಂತ್ರದಲ್ಲಿ ನಾಲ್ಕು ದಿಕ್ಕಿನ ಜಾಯ್‌ಸ್ಟಿಕ್ಕನ್ನೇ 45 ಡಿಗ್ರಿ ತಿರುಗಿಸಿ ಕೂರಿಸಲಾಗಿತ್ತು. ತಂತಿಗಳನ್ನು ಅದಲುಬದಲು ಮಾಡಿ ನೆಟ್ಟಗಿನ ಜಾಯ್‌ಸ್ಟಿಕ್‌ನಲ್ಲೇ ಆಡಲು ಸಾಧ್ಯವಿದೆ, ಆದರೆ ಕಣ್ಣು ಓರೆಗೆ ಹೋಗುವಾಗ ಕೈ ನೇರಕ್ಕೆ ಹೋಗಬೇಕಾದ ಆ ಸ್ಥಿತಿಗೆ ನನ್ನ ಬುದ್ಧಿ ಒಗ್ಗಲಿಲ್ಲ. ತಿರುಗಿಸಿ ಜೋಡಿಸಿದ ಪ್ರತ್ಯೇಕ ಫಲಕವೇ ಮೇಲು.

ಸ್ವಿಚ್‌ಗಳ ವಿಷಯದಲ್ಲಿ ಲೀಫ್ ಸ್ವಿಚ್ ಮತ್ತು ಮೈಕ್ರೋಸ್ವಿಚ್‌ಗಳ ನಡುವಿನ ಜಗಳ ಹಳೆಯದು. ಲೀಫ್ ಸ್ವಿಚ್‌ನಲ್ಲಿ ಎರಡು ಲೋಹದ ಪಟ್ಟಿಗಳು ನೇರವಾಗಿ ತಾಗುತ್ತವೆ. ಸದ್ದಿಲ್ಲ, ಒಂದು ಪಟ್ಟಿಯನ್ನು ತುಸು ಬಾಗಿಸಿ ನಡುವಿನ ಅಂತರವನ್ನು ಕಿರಿದಾಗಿಸಬಹುದು. ಮೈಕ್ರೋಸ್ವಿಚ್ ಕ್ಲಿಕ್ ಎಂದು ಒತ್ತಿಕೊಂಡ ಬಳಿಕ, ಬಿಡುವಾಗ ಮತ್ತಷ್ಟು ಹಿಂದೆ ಬಂದ ಮೇಲೆಯೇ ಬಿಟ್ಟುಕೊಡುತ್ತದೆ. 1983ರ ಟ್ರ್ಯಾಕ್ ಆ್ಯಂಡ್ ಫೀಲ್ಡ್‌ನಂತೆ ಬಟನ್‌ಗಳನ್ನು ಸರಸರನೆ ಬಡಿಯಬೇಕಾದ ಆಟದಲ್ಲಿ ಈ ವ್ಯತ್ಯಾಸ ಸ್ಪಷ್ಟವಾಗಿ ಗೊತ್ತಾಗುತ್ತದೆ, ಲೀಫ್ ಬಟನ್ನೇ ಗೆಲ್ಲುತ್ತದೆ. 1981ರ ಗ್ಯಾಲಗಾದಲ್ಲಿಯೂ ಹಾಗೇ ಇರಬಹುದೆಂದು ಭಾವಿಸಿದ್ದೆ. ಆದರೆ ಅಲ್ಲಿ ಒಂದು ವಿಮಾನದಿಂದ ಹೊರಟ ಎರಡು ಗುಂಡುಗಳು ಮಾತ್ರ ಒಮ್ಮೆಗೆ ಪರದೆಯ ಮೇಲಿರಬಲ್ಲವು, ಆದ್ದರಿಂದ ಬೆರಳು ಎಷ್ಟು ವೇಗವಾಗಿ ಬಡಿದರೂ ಆಟ ತನ್ನ ಮಿತಿಯನ್ನು ಮೀರಗೊಡುವುದಿಲ್ಲ. ಲೀಫ್ ಸ್ವಿಚ್ ಆರಿಸಿಕೊಳ್ಳುವವರು ಆಗಾಗ ಅದರ ಸಂಪರ್ಕಬಿಂದುಗಳನ್ನು ಶುಚಿಗೊಳಿಸಬೇಕಾಗುತ್ತದೆ. ಚಿನ್ನದ ಲೇಪನವಿರುವ ಬಿಂದುಗಳಿಗೆ ಅರ ಹಾಕಿದರೆ ಲೇಪನವೇ ಹೋಗುವುದರಿಂದ, ನಡುವೆ ದಪ್ಪ ಕಾಗದವೊಂದನ್ನು ಇಟ್ಟು ಎಳೆದರೆ ಸಾಕು. ಇಷ್ಟು ಆರೈಕೆಗೆ ಸಮಯವಿಲ್ಲದವರಿಗೆ ಮೈಕ್ರೋಸ್ವಿಚ್ಚೇ ಸರಿ.

1981ರ ಟೆಂಪೆಸ್ಟ್ ಮತ್ತು 1986ರ ಅರ್ಕನಾಯ್ಡ್‌ಗಳಿಗೆ ಜಾಯ್‌ಸ್ಟಿಕ್ಕನ್ನು ಎಷ್ಟು ತಿದ್ದಿದರೂ ಪ್ರಯೋಜನವಿಲ್ಲ, ತಿರುಗಿಸುವ ಗುಂಡಿಯಾದ ಸ್ಪಿನ್ನರೇ ಬೇಕು. ಒಂದೇ ಸ್ಪಿನ್ನರನ್ನು ಎರಡಕ್ಕೂ ಬಳಸಬಹುದು, ಆದರೆ ಅರ್ಕನಾಯ್ಡ್‌ನ ಮೂಲ ಗುಂಡಿಗೆ ಗೇರ್ ಇದ್ದುದರಿಂದ ಅದರ ಒಂದು ಸುತ್ತಿಗೆ ಟೆಂಪೆಸ್ಟ್‌ಗಿಂತ ಎಷ್ಟೋ ಪಟ್ಟು ಹೆಚ್ಚು ಎಣಿಕೆ, ಅಂದರೆ ಆಟ ಗುರುತಿಸುವ ಚಲನೆಯ ಸಣ್ಣ ಹೆಜ್ಜೆಗಳು, ದೊರೆಯುತ್ತಿತ್ತು. ಹಾಗಾಗಿ ಸೂಕ್ಷ್ಮತೆಯನ್ನು ಆಟಕ್ಕೊಂದರಂತೆ ಹೊಂದಿಸಿ ಉಳಿಸಿಡಬೇಕು. ಹಳೆಯ ಮೂಲ ಫಲಕದಲ್ಲಿ ಇದಕ್ಕಾಗಿ ಹೊಸ ರಂಧ್ರ ಕೊರೆಯುವುದನ್ನು ನಾನಂತೂ ಒಪ್ಪುವುದಿಲ್ಲ. ಅದೇ ಅಳತೆಯ ಬದಲಿ ಫಲಕವೊಂದನ್ನು ಮಾಡಿಸಿ ಅದರಲ್ಲೇ ಕೊರೆದುಕೊಂಡರೆ, ಬೇಕೆಂದಾಗ ಮೂಲ ಫಲಕವನ್ನು ಇದ್ದ ಹಾಗೆಯೇ ಮರಳಿ ಕೂರಿಸಬಹುದು.