ಮನೆ ಕಟ್ಟಿಸುವಾಗ ಬಾಡಿಗೆಗೆ ಎಲ್ಲಿರಬೇಕು? ದೂರದ ದೊಡ್ಡ ಫ್ಲಾಟಾ, ಸೈಟಿನ ಪಕ್ಕದ ಚಿಕ್ಕ ಫ್ಲಾಟಾ?

ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಸೈಟಿನ ಪಕ್ಕದ ಚಿಕ್ಕ ಫ್ಲಾಟಿಗೆ. ಹಳೆ ಮನೆ ಕೆಡವುವ ಹೊತ್ತಿಗೆ ಗೊತ್ತು ಮಾಡಿದ್ದ ಬಾಡಿಗೆ ಮನೆ ಖಾಲಿಯಾಗಿರಲಿಲ್ಲ. ಹಾಗಾಗಿ ಕೆಲವು ವಾರ ನೆಂಟರ ಮನೆಯಲ್ಲಿದ್ದೆವು. ಆಮೇಲೆ ಊರಾಚೆಯ ದೊಡ್ಡ ಫ್ಲಾಟು, ಎಲ್ಲ ಸಾಮಾನಿನ ಸಮೇತ. ಅದರ ಅಗ್ರಿಮೆಂಟ್ ಮುಗಿಯುವಾಗ ಮಾಲೀಕರಿಗೇ ಮನೆ ಬೇಕಾಯಿತು. ನಮ್ಮ ಮನೆಗೆ ಇನ್ನೂ ಪ್ಲಾಸ್ಟರಿಂಗ್ ಕೂಡ ಆಗಿರಲಿಲ್ಲ. ಆಗ ಸೈಟಿಗೆ ನಡೆದೇ ಹೋಗಬಹುದಾದ ಚಿಕ್ಕ ಫ್ಲಾಟೊಂದು ಸಿಕ್ಕಿತು. ಮಂಚ, ಒಲೆ, ಫ್ರಿಜ್ ಎಲ್ಲ ಅಲ್ಲೇ ಇದ್ದವು. ನಮ್ಮ ಸಾಮಾನಿನಲ್ಲಿ ಮುಕ್ಕಾಲು ಪಾಲು ಗೋದಾಮಿಗೆ ಹೋಯಿತು. ಹೀಗೆ ಮೂರು ಬಗೆಯನ್ನೂ ನೋಡಿದಂತಾಯಿತು.

ನೆಂಟರ ಮನೆಯ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಅವರು ನಮ್ಮನ್ನು ಚೆನ್ನಾಗಿಯೇ ನೋಡಿಕೊಂಡರು. ಆದರೆ ಮನೆ ಕಟ್ಟಿಸುವವರ ಫೋನು ಬೆಳಿಗ್ಗೆಯಿಂದ ರಾತ್ರಿವರೆಗೆ ಬಡಿದುಕೊಳ್ಳುತ್ತದೆ. ಸಿಮೆಂಟಿನ ಧೂಳು ಮೆತ್ತಿದ ಚಪ್ಪಲಿ, ಟೈಲ್ಸ್ ಸ್ಯಾಂಪಲ್, ಬಿಲ್ಲುಗಳ ಕಟ್ಟು, ಎಲ್ಲ ನಮ್ಮ ಜೊತೆಗೇ ಬರುತ್ತವೆ. ಕೆಲವು ವಾರಕ್ಕೆ ಸರಿ, ಅದಕ್ಕಿಂತ ಬೇಡ.

ಇನ್ನು ದೊಡ್ಡ ಫ್ಲಾಟು. ಒಳ್ಳೆಯ ಮನೆ ಅದು. ಗಾಳಿ ಬೆಳಕು ಚೆನ್ನಾಗಿತ್ತು. ದೂರ ಇದ್ದದ್ದರಿಂದ ಅಷ್ಟು ಜಾಗಕ್ಕೆ ಬಾಡಿಗೆ ಕಡಿಮೆಯೇ. ಎಲ್ಲ ಸಾಮಾನು ಕಣ್ಣೆದುರಿಗೇ ಇರುತ್ತದೆ ಎಂಬುದು ಮೊದಮೊದಲು ದೊಡ್ಡ ಸಮಾಧಾನ. ಬೇಕಾದ ಪಾತ್ರೆ, ಬೇಕಾದ ಪುಸ್ತಕ ಕೈಗೆ ಸಿಗುತ್ತದೆ. ಆದರೆ ಎಲ್ಲ ಸಾಮಾನು ತಂದಮೇಲೆ ಎಲ್ಲವನ್ನೂ ಜೋಡಿಸಲೇಬೇಕಲ್ವಾ? ನಮಗೆ ಕಷ್ಟ ಶುರುವಾದದ್ದೇ ಅಲ್ಲಿ, ಅದೂ ವಾರ್ಡ್‌ರೋಬಿನಿಂದ.

ನಮ್ಮದು ಪಾರ್ಟಿಕಲ್ ಬೋರ್ಡಿನ ವಾರ್ಡ್‌ರೋಬು. ಮರದ ಚೂರುಗಳನ್ನು ಅಂಟಿನ ಜೊತೆ ಒತ್ತಿ ಮಾಡಿದ ಹಲಗೆ ಅದು. ಹೊಸತಾಗಿ ಜೋಡಿಸಿದಾಗ ಗಟ್ಟಿಯಾಗಿಯೇ ನಿಲ್ಲುತ್ತದೆ. ಒಮ್ಮೆ ಸ್ಕ್ರೂ ಬಿಚ್ಚಿ ಮತ್ತೆ ಅವಸರದಲ್ಲಿ ಹಾಕಿದರೆ ತೂತಿನೊಳಗಿನ ಮರದ ಪುಡಿ ಉದುರಿಬಿಡುತ್ತದೆ. ಸ್ಕ್ರೂ ಸುಮ್ಮನೆ ಸುತ್ತುತ್ತಾ ಇರುತ್ತದೆಯೇ ಹೊರತು ಹಿಡಿಯುವುದಿಲ್ಲ. ಸಾಮಾನು ಸಾಗಿಸುವವರು ಮೆಷಿನ್ ಹಿಡಿದು ಬರ್ರನೆ ಎಲ್ಲ ಸ್ಕ್ರೂ ಹಾಕಿ ಹೋದರು. ಮೂರನೇ ದಿನಕ್ಕೆ ಬಾಗಿಲು ಜೋತುಬಿತ್ತು.

ಅದನ್ನು ಸರಿ ಮಾಡಿಸಲು ಕರೆದ ಬಡಗಿ ಒಂದು ಕೆಲಸ ತೋರಿಸಿಕೊಟ್ಟರು. ಹಳೆ ತೂತಿಗೆ ಸ್ಕ್ರೂ ಇಟ್ಟು ಮೊದಲು ಉಲ್ಟಾ ತಿರುಗಿಸಬೇಕು. ತಿರುಗಿಸುತ್ತಿದ್ದರೆ ಒಂದು ಕಡೆ ಸ್ಕ್ರೂ ಟಕ್ಕಂತ ಒಂದು ಎಳ್ಳಷ್ಟು ಕೆಳಗಿಳಿದದ್ದು ಬೆರಳಿಗೆ ಗೊತ್ತಾಗುತ್ತದೆ. ಅಂದರೆ ಸ್ಕ್ರೂ ಮೊದಲು ಕೊರೆದಿದ್ದ ಸುರುಳಿ ಗೀರಿನಲ್ಲೇ ಕೂತಿತು ಅಂತ. ಅಲ್ಲಿಂದ ಕೈಯಲ್ಲೇ ಮೆಲ್ಲಗೆ ಬಿಗಿ ಮಾಡಿದರೆ ತೂತು ಕೆಡುವುದಿಲ್ಲ. ಆಗಲೇ ಕೆಟ್ಟಿದ್ದರೆ ಮದ್ದಿಲ್ಲದ ಬೆಂಕಿಕಡ್ಡಿಯನ್ನು ಮರದ ಅಂಟಿನಲ್ಲಿ ಅದ್ದಿ ತೂತಿಗೆ ತುಂಬಿ, ರಾತ್ರಿಯಿಡೀ ಒಣಗಲು ಬಿಟ್ಟು, ಮಾರನೇ ದಿನ ಸ್ಕ್ರೂ ಹಾಕಬೇಕು. ನಾವು ಎರಡನ್ನೂ ಮಾಡಬೇಕಾಯಿತು.

ಅಷ್ಟಕ್ಕೂ ಮುಗಿಯಲಿಲ್ಲ. ವಾರ್ಡ್‌ರೋಬಿನ ಹಿಂದೆ ತೆಳ್ಳಗಿನ ಹಲಗೆ ಇರುತ್ತದಲ್ಲ, ಅದು ಬರೀ ಮುಚ್ಚಳ ಅಂದುಕೊಂಡಿದ್ದೆ. ಇಡೀ ಪೆಟ್ಟಿಗೆ ಓರೆಯಾಗದಂತೆ ಹಿಡಿದಿರುವುದೇ ಅದು. ಕೀಳುವಾಗ ಮೊಳೆಯ ಹತ್ತಿರ ಹರಿದಿತ್ತು. ಸಾಗಿಸುವವರು ನಾಲ್ಕೇ ಮೊಳೆ ಹೊಡೆದು ಹೋಗಿದ್ದರು. ಪೆಟ್ಟಿಗೆ ಒಂದು ಕಡೆ ವಾಲಿ, ಎರಡು ಬಾಗಿಲು ಒಂದರ ಮೇಲೊಂದು ಏರುತ್ತಿದ್ದವು. ಹಿಂಜಿನ ಸ್ಕ್ರೂ ಎಷ್ಟು ತಿರುವಿದರೂ ಪ್ರಯೋಜನವಿಲ್ಲ. ಹಿಂದಿನ ಹಲಗೆ ಹೊಸತು ಹಾಕಿ, ಮೂಲೆಯಿಂದ ಮೂಲೆಗೆ ಟೇಪು ಹಿಡಿದು, ಎರಡೂ ಓರೆ ಅಳತೆ ಸಮ ಬಂದಮೇಲೆ ಮೊಳೆ ಹೊಡೆದಾಗಲೇ ಬಾಗಿಲು ನೆಟ್ಟಗಾದದ್ದು.

ಇನ್ನೊಂದು ಲೆಕ್ಕ. ಎತ್ತರದ ವಾರ್ಡ್‌ರೋಬನ್ನು ನೆಲದ ಮೇಲೆ ಮಲಗಿಸಿ ಜೋಡಿಸಿ ಆಮೇಲೆ ಎತ್ತಿ ನಿಲ್ಲಿಸುತ್ತಾರೆ. ಎತ್ತುವಾಗ ಅದಕ್ಕೆ ತನ್ನ ಎತ್ತರಕ್ಕಿಂತ ಜಾಸ್ತಿ ಜಾಗ ಬೇಕು. 7.5 ಅಡಿ ಎತ್ತರ, 2 ಅಡಿ ಆಳ ಇದ್ದರೆ ಓರೆಯಾಗಿ ಅಳೆದಾಗ ಸುಮಾರು 7 ಅಡಿ 9 ಇಂಚು ಬರುತ್ತದೆ. ಕೋಣೆಯ ಫಾಲ್ಸ್ ಸೀಲಿಂಗ್ ಅದಕ್ಕಿಂತ ತಗ್ಗಾಗಿದ್ದರೆ ಅಲ್ಲೇ ಸಿಕ್ಕಿಕೊಳ್ಳುತ್ತದೆ. ಮನೆ ನೋಡಲು ಹೋಗುವಾಗ ಟೇಪು ಒಯ್ಯಿರಿ. ಲಿಫ್ಟಿನ ಒಳಗಿನ ಅಳತೆಯನ್ನೂ ತೆಗೆದುಕೊಳ್ಳಿ.

ಇಷ್ಟೆಲ್ಲ ಮಾಡಿದ್ದನ್ನು ಅಗ್ರಿಮೆಂಟ್ ಮುಗಿದಾಗ ಮತ್ತೆ ಬಿಚ್ಚಬೇಕಾಯಿತು. ಹೊಸ ಮನೆಯಲ್ಲಿ ಮತ್ತೆ ಜೋಡಿಸಬೇಕಾಯಿತು. ನೇರವಾಗಿ ಗೋದಾಮಿಗೆ ಹೋಗಿದ್ದರೆ ಒಂದೇ ಸಲ ಬಿಚ್ಚುವುದು, ಒಂದೇ ಸಲ ಜೋಡಿಸುವುದು. ಹಳೆ ಕಾಲದ ಗಟ್ಟಿ ಮರದ ಬೀರು ಇರುವವರಿಗೆ ಈ ಗೋಳಿಲ್ಲ.

ಚಿಕ್ಕ ಫ್ಲಾಟಿನ ವಿಷಯಕ್ಕೆ ಬರೋಣ. ಅದು ನಿಜವಾಗಿಯೂ ಚಿಕ್ಕದು. ಎಲ್ಲರಿಗೂ ಒಂದೇ ಬಚ್ಚಲು. ಬಟ್ಟೆ ಒಣಗಿಸಲು ಜಾಗ ಸಾಲದು. ಯಾರಾದರೂ ಫೋನಿನಲ್ಲಿ ಮಾತಾಡಿದರೆ ಮನೆಯವರಿಗೆಲ್ಲ ಕೇಳುತ್ತದೆ. ಆದರೂ ನಾನು ಅದನ್ನೇ ಮೇಲೆ ಅನ್ನುವುದು ಒಂದೇ ಕಾರಣಕ್ಕೆ. ಅಲ್ಲಿಂದ ಸೈಟಿಗೆ ದಿನಕ್ಕೆರಡು ಸಲ ನಡೆದು ಹೋಗಬಹುದಿತ್ತು.

ಅದರ ಬೆಲೆ ಕಟ್ಟಿಸುವವರಿಗೆ ಗೊತ್ತು. ಕಾಂಕ್ರೀಟು ಒಣಗಿ ಗಟ್ಟಿಯಾಗುವುದಲ್ಲ, ಸಿಮೆಂಟು ನೀರಿನ ಜೊತೆ ಬೆರೆತು ಗಟ್ಟಿಯಾಗುವುದು. ಹಾಕಿದ ಮೇಲೆ ಕಡಿಮೆಯೆಂದರೂ 7 ದಿನ, ಹಾರುಬೂದಿ ಬೆರೆತ ಸಿಮೆಂಟಾದರೆ 10 ದಿನ ಒದ್ದೆ ಆರದಂತೆ ನೋಡಿಕೊಳ್ಳಬೇಕು. 28 ದಿನದಲ್ಲಿ ಬರಬೇಕಾದ ಬಲದಲ್ಲಿ ಸುಮಾರು ಮೂರನೇ ಎರಡು ಪಾಲು ಮೊದಲ 7 ದಿನದಲ್ಲೇ ಬರುತ್ತದೆ. ಆ ದಿನಗಳಲ್ಲಿ ನೀರು ತಪ್ಪಿದರೆ ಆಮೇಲೆ ಎಷ್ಟು ಸುರಿದರೂ ಪೂರ್ತಿ ಸರಿಹೋಗುವುದಿಲ್ಲ. ನಮ್ಮ ಸ್ಲ್ಯಾಬ್ ಹಾಕಿದ್ದು ನಾವು ದೂರದಲ್ಲಿದ್ದಾಗ. "ನೀರು ಹಾಕಿದ್ದೀವಿ ಮೇಡಂ" ಅಂತ ಫೋನಿನಲ್ಲಿ ಕೇಳಿ ಸುಮ್ಮನಿರಬೇಕಿತ್ತು. ಪ್ಲಾಸ್ಟರಿಂಗ್ ಹೊತ್ತಿಗೆ ಪಕ್ಕದಲ್ಲೇ ಇದ್ದೆವು. ಬೆಳಿಗ್ಗೆ ಹೋಗಿ ಗೋಡೆಗೆ ಅಂಗೈ ಇಟ್ಟರೆ ತಂಪಿದೆಯೋ ಇಲ್ಲವೋ ಗೊತ್ತಾಗುತ್ತಿತ್ತು. ಬಿಸಿಲು ಹೊಡೆಯುವ ಗೋಡೆ ಮಧ್ಯಾಹ್ನದೊಳಗೆ ಬೆಳ್ಳಗಾಗುತ್ತಿತ್ತು. ಅದಕ್ಕೆ ಇನ್ನೊಂದು ಸಲ ನೀರು ಹೊಡೆಸುತ್ತಿದ್ದೆವು. ಆ ಗೋಡೆಗಳಲ್ಲಿ ಈಗಲೂ ಕೂದಲೆಳೆ ಬಿರುಕು ಕಾಣುವುದಿಲ್ಲ.

ಇನ್ನೊಂದು, ಮುಚ್ಚಿಹೋಗುವ ಕೆಲಸ. ಒಂದು ಸಂಜೆ ಮೇಸ್ತ್ರಿ ಬಂದು, "ಅಮ್ಮಾ, ನಾಳೆ ಬಚ್ಚಲಿಗೆ ಟೈಲ್ಸ್ ಕೂರಿಸ್ತೀವಿ, ಪೈಪು ಒಂದ್ಸಲ ನೋಡಿಬಿಡಿ" ಅಂದರು. ಹೋಗಿ ನೋಡಿದರೆ, ಪೈಪಿಗೆ ಒತ್ತಡದಲ್ಲಿ ನೀರು ತುಂಬಿ ಸೋರಿಕೆ ನೋಡುವ ಪ್ರೆಷರ್ ಟೆಸ್ಟಿನ ಮೀಟರಿನ ಮುಳ್ಳು ಸ್ವಲ್ಪ ಸ್ವಲ್ಪವೇ ಇಳಿಯುತ್ತಿತ್ತು. ಪೈಪು ತಿರುಗುವಲ್ಲಿ ಹಾಕುವ ಒಂದು ಎಲ್ಬೋ ಹತ್ತಿರ ಬೆವರಿನಂತೆ ನೀರು. ಅಲ್ಲಿಯೇ ಕತ್ತರಿಸಿ ಹೊಸ ತುಂಡು ಹಾಕಿದರು. ಟೈಲ್ಸ್ ಕೂತಮೇಲಾಗಿದ್ದರೆ ಗೋಡೆಯನ್ನೇ ಒಡೆಯಬೇಕಿತ್ತು. ವಾಟರ್‌ಪ್ರೂಫಿಂಗ್ ಆದಮೇಲೆ ಬಚ್ಚಲಲ್ಲಿ ನೀರು ನಿಲ್ಲಿಸಿ ಕಡಿಮೆಯೆಂದರೂ ಒಂದು ದಿನ ಬಿಟ್ಟು, ಕೆಳಗಿನ ಚಾವಣಿ ನೋಡುವ ಕೆಲಸವೂ ಪಕ್ಕದಲ್ಲಿದ್ದವರಿಗೆ ಸಲೀಸು. ವೈರಿನ ಪೈಪುಗಳನ್ನು ಮುಚ್ಚುವ ಮೊದಲು ಗೋಡೆಗೆ ಟೇಪು ಹಿಡಿದು ಫೋಟೊ ತೆಗೆದಿಟ್ಟೆ. ಮುಂದೆ ಮೊಳೆ ಹೊಡೆಯುವಾಗ ಅದೇ ನಮಗೆ ನಕ್ಷೆ.

ಗೋದಾಮಿನ ಬಗ್ಗೆ ಭಯ ಇತ್ತು, ಒಳ್ಳೆಯದೇ ಆಯಿತು. ತೇವವೇ ಅಲ್ಲಿನ ಶತ್ರು. ಕಾಂಕ್ರೀಟ್ ನೆಲದಿಂದ ತೇವ ರಟ್ಟಿನ ಪೆಟ್ಟಿಗೆಗೆ ಏರುತ್ತದೆ. ಅದಕ್ಕೆ ಮರದ ಚೌಕಟ್ಟಿನ ಮೇಲೆ, ಗೋಡೆಯಿಂದ ಒಂದು ಗೇಣು ಬಿಟ್ಟು ಇಡಿಸಿದೆವು. ಹಾಸಿಗೆಗೆ ಪ್ಲಾಸ್ಟಿಕ್ ಬಿಗಿದು ಸುತ್ತಲಿಲ್ಲ, ಹಳೆ ಹತ್ತಿ ಬೆಡ್‌ಶೀಟ್ ಹೊದಿಸಿದೆವು. ಪ್ಲಾಸ್ಟಿಕ್ಕಿನೊಳಗೆ ತೇವ ಸಿಕ್ಕಿಕೊಂಡರೆ ಬೂಸಲು ಹಿಡಿಯುತ್ತದೆ. ಫ್ರಿಜ್ ಒರೆಸಿ ಒಣಗಿಸಿ ಬಾಗಿಲು ಸ್ವಲ್ಪ ತೆರೆದೇ ಇಟ್ಟೆವು. ರಿಮೋಟು, ಗಡಿಯಾರಗಳ ಸೆಲ್ ತೆಗೆದಿಡಿ, ಸೋರಿ ಹಾಳುಮಾಡುತ್ತವೆ. ಪೆಟ್ಟಿಗೆ ಮೇಲೆ ಅಡುಗೆಮನೆ, ಮಲಗುವ ಕೋಣೆ ಅಂತ ಬರೆದರೆ ಸಾಲದು. ಯಾವಾಗ ಬೇಕಾಗುತ್ತದೆ ಅಂತ ಬರೆಯಿರಿ. ಮಳೆಗಾಲದ್ದು, ಚಳಿಗಾಲದ್ದು, ಹೊಸ ಮನೆಗೆ ಹೋದಮೇಲಿನದ್ದು. ಕೊನೆಯದು ಹಿಂದಕ್ಕೆ, ಉಳಿದದ್ದು ಬಾಗಿಲ ಹತ್ತಿರ.

ಮುಂದೆ ಬಾಗಿಲಿರುವ ವಾಷಿಂಗ್ ಮೆಷಿನ್ ಸಾಗಿಸುವ ಮೊದಲು ಡ್ರಮ್ಮು ಅಲುಗದಂತೆ ಹಿಡಿಯುವ ಅದರ ಬೋಲ್ಟು ಹಾಕಿಸಿ, ಜೋಡಿಸಿದ ಮೇಲೆ ಮರೆಯದೆ ತೆಗೆಸಿ. ಪಾರ್ಸೆಲ್ಲುಗಳನ್ನು ಸೈಟಿನ ವಿಳಾಸಕ್ಕೆ ತರಿಸಬೇಡಿ. ಮನೆ ಪತ್ರ, ಪ್ಲಾನು, ಬಿಲ್ಲು ಯಾವತ್ತೂ ಗೋದಾಮಿಗೆ ಹೋಗಬಾರದು.

ದುಡ್ಡಿನ ಲೆಕ್ಕದಲ್ಲಿ ದೊಡ್ಡ ಫ್ಲಾಟೇ ಅಗ್ಗ ಅನ್ನಿಸುತ್ತದೆ. ಚಿಕ್ಕದರ ಬಾಡಿಗೆಗೆ ಗೋದಾಮಿನ ಬಾಡಿಗೆ ಸೇರಿದರೆ ತಿಂಗಳಿಗೆ ಸ್ವಲ್ಪ ಜಾಸ್ತಿಯೇ ಆಯಿತು. ಆದರೆ ದೂರದಿಂದ ಓಡಾಡಿದ ಪೆಟ್ರೋಲು, ಬಡಗಿಯ ಕೂಲಿ, ಬಿಚ್ಚಿ ಜೋಡಿಸಿದ ಖರ್ಚು ಎಲ್ಲ ಹಿಡಿದರೆ ಎರಡೂ ಸಮಕ್ಕೆ ಬಂದವು. ಸೋರುತ್ತಿದ್ದ ಆ ಎಲ್ಬೋವನ್ನು ಲೆಕ್ಕಕ್ಕೆ ತಂದರೆ ಚಿಕ್ಕದೇ ಅಗ್ಗ.

ನಾನು ಬೆಳಿಗ್ಗೆ ಬೇಗ ಏಳುವವಳು, ನಡೆಯುವ ಅಭ್ಯಾಸ ಇದೆ, ಕೆಲಸವನ್ನು ಕಣ್ಣಾರೆ ನೋಡದೆ ನೆಮ್ಮದಿ ಇಲ್ಲ. ನಿಮ್ಮ ಪರವಾಗಿ ದಿನವಿಡೀ ಸೈಟಿನಲ್ಲಿ ನಿಲ್ಲುವ ನಂಬಿಕೆಯ ಇಂಜಿನಿಯರ್ ಇದ್ದರೆ, ಮನೆಯಲ್ಲಿ ಓದುವ ಮಕ್ಕಳಿಗೆ ಬೇರೆ ಕೋಣೆ ಬೇಕಿದ್ದರೆ ದೊಡ್ಡ ಫ್ಲಾಟೇ ತೆಗೆದುಕೊಳ್ಳಿ. ಯಾವುದಾದರೂ ಸರಿ, ಅವಧಿ ಮುಗಿದಮೇಲೆ ತಿಂಗಳು ತಿಂಗಳಿಗೆ ಮುಂದುವರಿಸಬಹುದು ಎಂಬ ಒಂದು ಸಾಲು ಅಗ್ರಿಮೆಂಟಿನಲ್ಲಿ ಇರಲಿ. ಗೋಡೆ, ಚಾವಣಿ ಬೇಗ ಏಳುತ್ತವೆ. ವೈರಿಂಗು, ಟೈಲ್ಸು, ಬಾಗಿಲು, ಬಣ್ಣ ಹಿಡಿಯುವ ಕಾಲವೇ ಉದ್ದ. ಚಾವಣಿ ಬಿದ್ದ ಖುಷಿಯಲ್ಲಿ ಬಾಡಿಗೆ ಮನೆಗೆ ನೋಟಿಸು ಕೊಡಬೇಡಿ, ಬಣ್ಣದವರು ಎರಡನೇ ಕೋಟು ಶುರು ಮಾಡಿದಮೇಲೆ ಕೊಟ್ಟರೆ ಸಾಕು.