ವಿಮಾನದ ಗಾಜಿಗೆ ರೆಡಿ ಮಾಸ್ಕ್ ತಗೊಳ್ತಿದೀರಾ? ಮೊದ್ಲು ಇದನ್ನ ಓದಿ

ಸ್ಕೇಲ್ ಮಾಡೆಲ್ (ನಿಜವಾದ ವಿಮಾನ, ಟ್ಯಾಂಕುಗಳ ಪುಟ್ಟ ಪ್ಲಾಸ್ಟಿಕ್ ಮಾದರಿ) ಮಾಡೋರೆಲ್ಲ ಓದಿ, ಅದ್ರಲ್ಲೂ ವಿಮಾನ ಕಟ್ಟೋರು. ಆನ್‌ಲೈನಲ್ಲಿ "ಒರಿಜಿನಲ್ ವಾಶಿ ಪೇಪರ್, ಪ್ರೀ-ಕಟ್, ಪರ್ಫೆಕ್ಟ್ ಫಿಟ್" ಅಂತ ಕ್ಯಾನೊಪಿ ಮಾಸ್ಕ್ ಶೀಟ್ (ಬಣ್ಣ ಹೊಡೆಯೋವಾಗ ಗಾಜಿಗೆ ತಾಗದ ಹಾಗೆ ಅಂಟಿಸೋ, ಕಿಟಕಿ ಆಕಾರಕ್ಕೆ ಕತ್ತರಿಸಿದ ಸ್ಟಿಕ್ಕರ್) ಮಾರ್ತಿದಾರಲ್ಲ, ನಂಗೆ ಸರಿಯಾಗಿ ಟೋಪಿ ಹಾಕಿದಾರೆ. ಅಂಗಡಿ ಹೆಸರು ಹೇಳಿ ಪ್ರಯೋಜನ ಇಲ್ಲ, ಅದನ್ನ ಆಗ್ಲೇ ಬದಲಾಯಿಸಿ ಆಗಿದೆ.

ಕಿಟ್ 1/48 ಹೈಂಕೆಲ್ 111, ಅಂದ್ರೆ ಎರಡನೇ ಮಹಾಯುದ್ಧದ ಜರ್ಮನ್ ಬಾಂಬರ್, ನಿಜದ್ದರ 48ನೇ ಒಂದು ಭಾಗ ಸೈಜು. ಅದರ ಮೂತಿ ನೋಡಿದೋರಿಗೆ ಗೊತ್ತು, ಪೂರ್ತಿ ಗಾಜು, ಪೂರ್ತಿ ಬಾಗು, ಒಂದೊಂದು ಕಿಟಕಿನೂ ಒಂದೊಂದು ಆಕಾರ, ಮಧ್ಯದ ಫ್ರೇಮು ನೆಟ್ಟಗೆ ಕಣ್ಣಿಗೂ ಕಾಣಲ್ಲ. ಅಂಥದ್ದಕ್ಕೇ ತಾನೇ ಜನ ರೆಡಿ ಮಾಸ್ಕ್ ತಗೊಳ್ಳೋದು!

ಶೀಟ್ ಬಂತು, ಬಣ್ಣ ವಾಶಿ ಟೇಪಿನ ಥರ ಹಳದಿನೇ, ನೋಡೋಕೆ ಎಲ್ಲಾ ಸರಿ. ಒಂದೊಂದಾಗಿ ಅಂಟಿಸ್ದೆ, ಟೂತ್‌ಪಿಕ್ಕಲ್ಲಿ ಅಂಚು ಒತ್ತಿದೆ, ಕಾಫಿ ಕುಡಿದು ಬಂದು ನೋಡಿದ್ರೆ ಮೂಲೆಗಳೆಲ್ಲ ಎದ್ದು ಕೂತಿವೆ. ಮತ್ತೆ ಒತ್ತಿದೆ. ಮತ್ತೆ ಎದ್ವು. ಮಿಕ್ಕ ಒಂದು ತುಂಡು ಹರಿದು ನೋಡೋಣ ಅಂದ್ರೆ ಹರಿಯೋದೇ ಇಲ್ಲ, ಎಳೆದಷ್ಟೂ ಹಿಗ್ಗುತ್ತೆ. ವಾಶಿ ಅಂದ್ರೆ ಕಾಗದ ಕಣ್ರೀ, ಹರಿದ ಜಾಗದಲ್ಲಿ ನಾರು ಕಾಣ್ಬೇಕು. ಇದು ಹಳದಿ ವಿನೈಲ್, ಅಂದ್ರೆ ಪ್ಲಾಸ್ಟಿಕ್ ಹಾಳೆ! ಚಪ್ಪಟೆ ರೆಕ್ಕೆ ಮೇಲಾದ್ರೆ ವಿನೈಲ್ ನಡೆಯುತ್ತೆ, ಎರಡೂ ಕಡೆ ಬಾಗಿರೋ ಗಾಜಿನ ಮೇಲೆ ಅದು ವಾಪಸ್ ನೆಟ್ಟಗಾಗೋಕೆ ನೋಡುತ್ತೆ, ಬಣ್ಣ ಅಡಿಗೆ ನುಗ್ಗುತ್ತೆ. ನುಗ್ತು ಕೂಡ. ಮೊದಲು ಒಳಗಿನ ಕಡು ಗ್ರೇ (ಗಾಜಿನ ಮೂಲಕ ಫ್ರೇಮಿನ ಒಳಮೈಯಾಗಿ ಕಾಣೋ ಬಣ್ಣ), ಅದರ ಮೇಲೆ ಹೊರಗಿನ ಹಸಿರು, ಎಲ್ಲಾ ತೆಳು ಕೋಟೇ ಹೊಡೆದಿದ್ದು, ಆದ್ರೂ ಕಿಟಕಿ ಒಳಗೆಲ್ಲ ಹಸಿರು ಮೀಸೆ. ಕಿತ್ತ ಮೇಲೆ ಅಂಟು ಬೇರೆ ಗಾಜಿನ ಮೇಲೇ ಉಳೀತು. ನನ್ನ ಫ್ರೆಂಡ್ ನೋಡಿ "ಏನೋ ಇದು, ನಿನ್ ಹೈಂಕೆಲ್ಲಿಗೆ ಕಣ್ಣಲ್ಲಿ ಪೊರೆ ಬಂದಿದ್ಯಾ" ಅಂದ. ಎಲ್ಲರ ಮುಂದೆ.

ಮಾರಿದೋನಿಗೆ ಫೋಟೋ ಸಮೇತ ಮೆಸೇಜ್ ಹಾಕಿದೆ. ಉತ್ತರ: "ಸರ್ ನೀವು ಸರಿಯಾಗಿ ಉಜ್ಜಿಲ್ಲ." ಉಜ್ಜಿದೀನಿ ಅಂದೆ. "ಬೇರೆ ಕಸ್ಟಮರ್ಸ್ ಯಾರೂ ಕಂಪ್ಲೇಂಟ್ ಮಾಡಿಲ್ಲ ಸರ್." ಕುಣಿಯೋಕೆ ಬರ್ದೇ ಇರೋಳು ನೆಲ ಡೊಂಕು ಅಂದಂಗೆ ನಾನೇ ಆಡ್ತಿದೀನಿ ಅನ್ನೋ ಥರ ಮಾತು. ಅಂಟಿಗೆ ಏನ್ ಮಾಡ್ಲಿ ಅಂತ ಕೇಳಿದ್ದಕ್ಕೆ "ಲ್ಯಾಕರ್ ಥಿನ್ನರಲ್ಲಿ ಒರೆಸಿ ಸರ್, ಹೋಗುತ್ತೆ." ಹೋಗುತ್ತೆ, ಗಾಜೂ ಜೊತೆಗೇ ಹೋಗುತ್ತೆ! ಈ ಗಾಜು ನಿಜವಾದ ಗಾಜಲ್ಲ, ಪಾಲಿಸ್ಟೈರೀನ್ ಪ್ಲಾಸ್ಟಿಕ್ ಅಲ್ವಾ, ಅದೇ ಸ್ಪ್ರೂ (ಬಿಡಿಭಾಗಗಳು ಅಂಟಿಕೊಂಡು ಬರೋ ಪ್ಲಾಸ್ಟಿಕ್ ಕಡ್ಡಿ) ತುಂಡಿನ ಮೇಲೆ ಒಂದು ಹನಿ ಹಾಕಿ ನೋಡಿದೆ, ಮೇಲ್ಮೈ ಮೆತ್ತಗಾಗಿ ಮಬ್ಬು ಹಿಡೀತು. ಇವನ ಮಾತು ನಂಬಿ ನೇರ ಮೂತಿಗೇ ಹಚ್ಚಿದೋರು ಎಷ್ಟು ಜನ ಇದಾರೋ.

ಆದ್ರೆ ಮೈ ಉರಿದಿದ್ದು ಇದಕ್ಕಲ್ಲ. ಅವರ ಲಿಸ್ಟಿಂಗಲ್ಲಿ ಒಂದು ಚಂದದ ಫೋಟೋ ಇದೆ, ಟ್ವೀಜರ್ ಹಿಡಿದ ಕೈ, ಹೆಬ್ಬೆರಳ ಉಗುರಿನ ಪಕ್ಕ ಒಂದು ಹಸಿರು ಕಲೆ, ಗಾಜಿನ ಮೇಲೆ ಮಾಸ್ಕ್ ಕರೆಕ್ಟಾಗಿ ಕೂತಿದೆ. ಆ ಫೋಟೋ ನೋಡೇ ನಾನು ಆರ್ಡರ್ ಮಾಡಿದ್ದು. ಈಗ ಬೇರೇನೋ ಹುಡುಕ್ತಾ ಇರ್ಬೇಕಾದ್ರೆ ಅದೇ ಫೋಟೋ ಯಾರೋ ಒಬ್ಬ ಮಾಡೆಲರ್‌ನ ಹಳೇ ಬಿಲ್ಡ್ ಪೋಸ್ಟಲ್ಲಿ ಸಿಕ್ತು, ಅದೇ ಕೈ, ಅದೇ ಹಸಿರು ಕಲೆ. ಕೆಳಗೆ ಆತ ಬರೆದಿದಾನೆ, ಇದನ್ನೆಲ್ಲ ಟಮಿಯಾ ಕಂಪ್ನಿಯ ಮಾಸ್ಕಿಂಗ್ ಟೇಪಿಂದ ಕೈಯಲ್ಲೇ ಕತ್ತರಿಸಿದ್ದು ಅಂತ! ಅಂದ್ರೆ ಫೋಟೋದಲ್ಲಿರೋದು ಇವರ ಶೀಟೇ ಅಲ್ಲ, ಪ್ರೀ-ಕಟ್ಟೇ ಅಲ್ಲ. ಸುಮಾರು ಹೊತ್ತು ಆ ಹೆಬ್ಬೆರಳನ್ನೇ ನೋಡ್ತಾ ಕೂತಿದ್ದೆ.

ಅದನ್ನೂ ಕಳಿಸ್ದೆ. "ಅದು ರೆಫರೆನ್ಸ್ ಇಮೇಜ್ ಸರ್." ದುಡ್ಡು ವಾಪಸ್ ಕೊಡಿ ಅಂದ್ರೆ "ಶೀಟ್ ಬಿಚ್ಚಿದ ಮೇಲೆ ರಿಟರ್ನ್ ಇಲ್ಲ." ಬಿಚ್ಚದೆ ಅಂಟಿಸೋದು ಹೇಗಪ್ಪಾ? ಆಮೇಲೆ ಬಂದಿದ್ದು ಇನ್ನೂ ಚಂದ: "ಫೈವ್ ಸ್ಟಾರ್ ರಿವ್ಯೂ ಹಾಕಿ ಸರ್, ಇನ್ನೊಂದು ಶೀಟ್ ಫ್ರೀ ಕಳಿಸ್ತೀವಿ." ಆ ಲಿಸ್ಟಿಂಗಲ್ಲಿರೋ ಸ್ಟಾರ್ಸ್ ಎಲ್ಲಾ ಎಲ್ಲಿಂದ ಬಂದ್ವು ಅಂತ ಈಗ ಗೊತ್ತಾಯ್ತಲ್ಲ. ಒಂದೇ ಸ್ಟಾರ್ ಹಾಕಿದೆ, ಬ್ಲಾಕ್ ಮಾಡಿದ್ರು.

ತಗೊಳ್ಳೋದಾದ್ರೆ ನಿಮ್ಮ ಕಿಟ್ ಯಾವ ಕಂಪ್ನಿದು ಅಂತ ಹೆಸರು ಹಾಕಿರೋ ಮಾಸ್ಕೇ ತಗೊಳ್ಳಿ, ಬರೀ "1/48 ಹೈಂಕೆಲ್" ಅಂದ್ರೆ ಸಾಲದು, ಒಬ್ಬೊಬ್ರ ಅಚ್ಚಲ್ಲಿ ಫ್ರೇಮ್ ಒಂದೊಂದು ಥರ. ಮೊದ್ಲು ಮೂಲೆಯ ಖಾಲಿ ಜಾಗ ಹರಿದು ನಾರು ನೋಡಿ. ಕಿತ್ತು ಉಳಿದ ಅಂಟನ್ನ ನಾನು ಒಳ್ಳೆ ಟೇಪಿನ ತುಂಡು ಒತ್ತಿ ಒತ್ತಿ ಎತ್ತಿದೆ, ಮುಕ್ಕಾಲು ಭಾಗ ಬಂತು, ಮಿಕ್ಕಿದ್ದು ಬರ್ಲಿಲ್ಲ. ಮುಂದಿನ ಕಿಟ್ಟಿಗೆ ಕೈಯಲ್ಲೇ: ಕಿಟಕಿ ಅಂಚಿಗೆಲ್ಲ 1 ಮಿ.ಮೀ. ಟೇಪ್ ಸುತ್ತಿ, ನಡುವಿನ ಜಾಗಕ್ಕೆ ಮಾಸ್ಕಿಂಗ್ ಲಿಕ್ವಿಡ್ (ಹಚ್ಚಿ ಒಣಗಿದ ಮೇಲೆ ಸಿಪ್ಪೆ ಥರ ಕಿತ್ತು ಬರೋ ದ್ರವ). ನಿಧಾನ ಆಗುತ್ತೆ, ಆಗ್ಲಿ. ಅವನಿಗೆ ಇನ್ನೊಂದ್ ಪೈಸೆ ಕೊಡಲ್ಲ.