ಸ್ಕೆಲ್: ಇಂಗ್ಲಿಷ್ ಪದಗಳ ಜೋಡಿ ನೋಡ್ಕೊಳೋಕೆ ಸೂಪರ್, ಆದ್ರೆ ಕಣ್ಮುಚ್ಚಿ ನಂಬೋ ಹಾಗಿಲ್ಲ

ಗ್ರಾಮರ್ ಎಲ್ಲಾ ಸರಿ ಇದ್ರೂ ಕೆಲವು ಇಂಗ್ಲಿಷ್ ವಾಕ್ಯ ಓದ್ವಾಗ ಏನೋ ಒಂಥರ ಅನ್ಸತ್ತಲ್ಲ, ಬಹಳ ಸಲ ಅದಕ್ಕೆ ಕಾರಣ ಪದಗಳ ಜೋಡಿ. ಕನ್ನಡದಲ್ಲಿ ನಾವು ತಪ್ಪು ಮಾಡ್ತೀವಿ, ಹೋಮ್‌ವರ್ಕ್ ಮಾಡ್ತೀವಿ, ಸ್ನಾನ ಮಾಡ್ತೀವಿ, ಊಟಾನೂ ಮಾಡ್ತೀವಿ. ಇಂಗ್ಲಿಷಲ್ಲಿ ಮಿಸ್ಟೇಕ್‌ಗೆ ಮೇಕ್, ಹೋಮ್‌ವರ್ಕ್‌ಗೆ ಡು, ಲಂಚ್‌ಗೆ ಹ್ಯಾವ್. ಮಳೆ ಜೋರಾದ್ರೆ ಹೆವಿ, ಗಾಳಿ ಜೋರಾದ್ರೆ ಸ್ಟ್ರಾಂಗ್. ಯಾಕೆ ಅಂತ ಕೇಳಿದ್ರೆ ಉತ್ತರ ಇಲ್ಲ, ಬಳಕೆ ಹಾಗಿದೆ ಅಷ್ಟೇ. ಇದಕ್ಕೇ ಕೊಲೊಕೇಶನ್ ಅಂತಾರೆ.

ಇದನ್ನ ನೋಡ್ಕೊಳೋಕೆ ನಾನು ಬಳಸೋದು ಸ್ಕೆಲ್ (SkELL) ಅನ್ನೋ ಆನ್‌ಲೈನ್ ಟೂಲ್, ರಾಶಿ ರಾಶಿ ಬರಹದಲ್ಲಿ ಪದಗಳ ಬಳಕೆ ಹುಡುಕೋ ಸ್ಕೆಚ್ ಎಂಜಿನ್ ಅನ್ನೋ ಸಾಫ್ಟ್‌ವೇರ್‌ನವ್ರು ಕಲಿಯೋರಿಗೆ ಅಂತ ಮಾಡಿದ್ದು. ಫ್ರೀ, ಲಾಗಿನ್ನೂ ಬೇಡ. 100 ಕೋಟಿಗೂ ಹೆಚ್ಚು ಪದಗಳಷ್ಟು ಇಂಗ್ಲಿಷ್ ಬರಹ ಹಿಂದೆ ಇದೆ, ಅದ್ರಿಂದ ವಾಕ್ಯ ಎತ್ಕೊಂಡು ತೋರಿಸತ್ತೆ. ಮೂರು ಭಾಗ ಇದೆ: ಎಕ್ಸಾಂಪಲ್ಸ್, ವರ್ಡ್ ಸ್ಕೆಚ್, ಸಿಮಿಲರ್ ವರ್ಡ್ಸ್. ಮೂರನೇದು ನನಗೇನೂ ಉಪಯೋಗಕ್ಕೆ ಬಂದಿಲ್ಲ, ಬಿಡಿ.

ಅಸಲಿ ಮಜಾ ಇರೋದು ವರ್ಡ್ ಸ್ಕೆಚ್‌ನಲ್ಲಿ. ಒಂದು ಪದ ಹಾಕಿದ್ರೆ ಅದ್ರ ಜೊತೆ ಬರೋ ವಿಶೇಷಣ ಯಾವ್ದು, ಕ್ರಿಯಾಪದ ಯಾವ್ದು ಅಂತ ಬೇರೆ ಬೇರೆ ಪಟ್ಟಿ ಕೊಡತ್ತೆ, ಅದ್ರಲ್ಲಿ ಒಂದರ ಮೇಲೆ ಒತ್ತಿದ್ರೆ ಆ ಜೋಡಿ ಇರೋ ವಾಕ್ಯಗಳೇ ಬರತ್ತೆ. 'ಕಾಸ್' (cause) ಅಂತ ಕ್ರಿಯಾಪದ ಹಾಕಿ ನೋಡಿ: ಡ್ಯಾಮೇಜ್, ಪ್ರಾಬ್ಲಮ್, ಡೆತ್, ಬರೀ ಕೆಟ್ಟದ್ದೇ! ಡಿಕ್ಷನರಿಯಲ್ಲಿ 'ಉಂಟುಮಾಡು' ಅಂತ ಅರ್ಥ ನೋಡಿ ಸಂತೋಷಕ್ಕೂ ಯಶಸ್ಸಿಗೂ ಅದನ್ನೇ ಹಾಕೋರು ಬೇಕಾದಷ್ಟು ಜನ ಇದಾರೆ, ಗ್ರಾಮರ್ ಪ್ರಕಾರ ತಪ್ಪೂ ಅಲ್ಲ, ಆದ್ರೆ ಓದೋರಿಗೆ ಏನೋ ಅನಾಹುತ ಆಗಿದೆ ಅನ್ನೋ ಥರ ಕೇಳ್ಸತ್ತೆ. ಈ ವಾಸನೆ ಅರ್ಥ ಓದಿದ್ರೆ ಗೊತ್ತಾಗಲ್ಲ, ಸಾಲುಸಾಲು ವಾಕ್ಯ ನೋಡಿದ್ರೇನೇ ಹತ್ತೋದು. ಭಾಷಾ ವಿದ್ವಾಂಸ ಜೆ. ಆರ್. ಫರ್ತ್ 1957ರಲ್ಲೇ ಪದದ ಪರಿಚಯ ಆಗೋದು ಅದ್ರ ಸಹವಾಸದಿಂದ ಅನ್ನೋ ಅರ್ಥದಲ್ಲಿ ಹೇಳಿದ್ರು, ಮನುಷ್ಯರ ವಿಷಯದಲ್ಲಿ ನಾವು ಹೇಳೋದೂ ಅದನ್ನೇ ತಾನೆ.

ಈಗ ತಕರಾರು. ವಾಕ್ಯ ಆರಿಸೋದು ಮೆಷಿನ್ನು, ಮನುಷ್ಯರಲ್ಲ. ಅದಕ್ಕೇ ಹಳೇ ಪುಸ್ತಕದ ವಾಕ್ಯ, ತಲೆಬುಡ ಇಲ್ಲದ ವಾಕ್ಯ, ಒಂದೊಂದ್ಸಲ ನೇರವಾಗಿ ತಪ್ಪಿರೋದೂ ನುಗ್ಗತ್ತೆ. 'ಡು ಅ ಮಿಸ್ಟೇಕ್' ಹಾಕಿದ್ರೂ ಅದು "ತಪ್ಪು" ಅಂತ ಹೇಳಲ್ಲ, ಸಿಕ್ಕಿದ್ದನ್ನ ತೋರಿಸಿ ಸುಮ್ನಾಗತ್ತೆ, ಸಿಕ್ತಲ್ಲ ಹಾಗಾದ್ರೆ ಸರಿ ಇರ್ಬೇಕು ಅಂತ ಅನ್ಕೊಂಡ್ರೆ ಮುಗೀತು. ಮೇಲ್ಗಡೆ 10 ಲಕ್ಷ ಪದಕ್ಕೆ ಎಷ್ಟು ಸಲ ಬರತ್ತೆ ಅನ್ನೋ ಲೆಕ್ಕ ಇರತ್ತೆ, ಎರಡು ಜೋಡಿನೂ ಹಾಕಿ ಆ ಲೆಕ್ಕ ಹೋಲಿಸಿ ನೋಡಿ. ಇನ್ನೊಂದು, ಬ್ರಿಟಿಷ್ ಯಾವ್ದು ಅಮೆರಿಕನ್ ಯಾವ್ದು ಅಂತ ಬಿಡಿಸಿ ಹೇಳಲ್ಲ. ಮೇಕ್ ಅ ಡಿಸಿಷನ್ ಎಲ್ಲಾ ಕಡೆ ನಡಿಯತ್ತೆ, ಟೇಕ್ ಅ ಡಿಸಿಷನ್ ಬ್ರಿಟಿಷ್ ಇಂಗ್ಲಿಷಲ್ಲಿ ಮಾಮೂಲು, ಈ ವ್ಯತ್ಯಾಸ ಇಲ್ಲಿ ಸಿಗಲ್ಲ.

ಅದಕ್ಕೆ ಆಕ್ಸ್‌ಫರ್ಡ್ ಕೊಲೊಕೇಶನ್ಸ್ ಡಿಕ್ಷನರಿನೇ ಗಟ್ಟಿ. 2009ರ ಎರಡನೇ ಆವೃತ್ತಿಯಲ್ಲಿ ಎರಡೂವರೆ ಲಕ್ಷ ಜೋಡಿ ಇದೆ, ಸಂಪಾದಕರು ಕೂತು ಜರಡಿ ಹಿಡಿದಿರೋದು. ಆದ್ರೆ ಅದ್ರಲ್ಲಿ ಬರೀ ಜೋಡಿ ಕೊಟ್ಟು ಉದಾಹರಣೆ ಕೊಡದೇ ಇರೋದೂ ಸುಮಾರಿದೆ, ವಾಕ್ಯದ ಒಳಗೆ ಹೇಗೆ ಕೂರತ್ತೆ ಅಂತ ನೋಡೋಕೆ ಮತ್ತೆ ಸ್ಕೆಲ್‌ಗೇ ಬರ್ಬೇಕು. ಈಗಷ್ಟೇ ಇಂಗ್ಲಿಷ್ ಶುರು ಮಾಡಿರೋರಿಗೆ ಮಾತ್ರ ನಾನು ಎರಡನ್ನೂ ಹೇಳಲ್ಲ, ವಾಕ್ಯ ಓದಿ ಅರ್ಥ ಆಗೋ ಮಟ್ಟ ಬಂದ್ಮೇಲೆ ಸ್ಕೆಲ್ ತೆಗೀರಿ, ದುಡ್ಡಂತೂ ಕೊಡಬೇಕಾಗಿಲ್ಲ.